ಹಿತ್ತಲ ಬಾಗಿಲಿನ ಸೈರನ್

ಆ ಮನೆಯ ಸೈರನ್ ಮೊದಲ ಸಲ ವಿನಾಕಾರಣ ಕೂಗಿಕೊಂಡಾಗ ನಾನು ಶಿಗ್ಗಾವಿಯ ನನ್ನ ಅಂಗಡಿಯಲ್ಲಿ ಸುಟ್ಟುಹೋದ ಕ್ಯಾಮೆರಾ ಅಡಾಪ್ಟರೊಂದನ್ನು ಬಿಚ್ಚಿಟ್ಟುಕೊಂಡು ಕೂತಿದ್ದೆ. ಹೊರಗೆ ಮಳೆಗಾಲದ ಮೊದಲ ಜಿಟಿಜಿಟಿ. ಮೊಬೈಲ್ ಎತ್ತಿದರೆ ಆ ಕಡೆಯಿಂದ ನನ್ನದೇ ದನಿ ಕೇಳಿತು: "ಮುಂದಿನ ಬಾಗಿಲು ತೆರೆದಿದೆ." ಅಲಾರಂ ಪೆಟ್ಟಿಗೆ ಕೂಡಿಸುವಾಗ ಇಂಥ ವಾಕ್ಯಗಳನ್ನು ನಾನೇ ಓದಿ ಅದರಲ್ಲಿ ತುಂಬಿಸಿಡುತ್ತೇನೆ. ಏನಾದರೂ ಆದರೆ ಪೆಟ್ಟಿಗೆ ತನ್ನೊಳಗಿನ ಸಿಮ್‌ನಿಂದ ಮೂವರಿಗೆ ಫೋನ್ ಹಚ್ಚಿ ಅದನ್ನು ನುಡಿಯುತ್ತದೆ. ಆ ಮನೆಯ ಮಟ್ಟಿಗೆ ಮೂವರೆಂದರೆ ಮನೆಯ ಸೊಸೆ, ಎದುರು ಮನೆಯವರು, ನಾನು.

ಮನೆ ಇದ್ದದ್ದು ಸವಣೂರಿನ ಹಳೆಯ ಓಣಿಯೊಂದರ ಕೊನೆಗೆ. ಒಳಗಿದ್ದವರು ಇಬ್ಬರೇ ಹೆಣ್ಣುಮಕ್ಕಳು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸೊಸೆ ಮತ್ತು ಆಕೆಯ ಅತ್ತೆ. ಅತ್ತೆಯನ್ನು ನಾನು ಅಜ್ಜಿ ಎಂದೇ ಕರೆಯುತ್ತಿದ್ದೆ. ಅಜ್ಜಿಯ ಮಗ ಟೆಂಪೊ ಓಡಿಸುವವನು. ಕುಡಿದು ಬಂದು ಹೆಂಡತಿಯನ್ನು ಹೊಡೆಯುವುದು ವರ್ಷಗಳಿಂದ ನಡೆದಿತ್ತಂತೆ. ಕೊನೆಯ ಸಲ ಹೊಡೆದಾಗ ಆಕೆಯ ಮುಂಗೈ ಮುರಿಯಿತು. ಆ ದಿನ ಸೊಸೆಯನ್ನು ಆಟೊದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದವರು ಅಜ್ಜಿಯೇ. ಅಲ್ಲಿಂದ ನೇರವಾಗಿ ಠಾಣೆಗೆ ನಡೆದು, ಹೊಡೆದದ್ದನ್ನು ಕಣ್ಣಾರೆ ಕಂಡೆನೆಂದು ಮಗನ ವಿರುದ್ಧ ಹೇಳಿಕೆ ಕೊಟ್ಟವರೂ ಅವರೇ. ಮಗ ಮನೆಯ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯದ ಆದೇಶವಾಗಿತ್ತು. ಅವನು ಜಾಮೀನಿನ ಮೇಲೆ ಹೊರಬಂದನೆಂಬ ಸುದ್ದಿ ಕೇಳಿ ನರ್ಸಮ್ಮನ ಅಣ್ಣ ಹಾನಗಲ್ಲಿನಿಂದ ನನ್ನ ಅಂಗಡಿಗೆ ಬಂದರು. ಕ್ಯಾಮೆರಾ ಬೇಡ, ಆಗಿಹೋದದ್ದನ್ನು ಆಮೇಲೆ ನೋಡಿ ಏನು ಮಾಡೋಣ, ಆಗುವ ಮೊದಲೇ ಊರು ಏಳಬೇಕು ಎಂದಿದ್ದರು. ಹಾಗಾಗಿ ಎರಡು ಬಾಗಿಲಿಗೂ ಸೆನ್ಸರ್, ಪಡಸಾಲೆಯಲ್ಲಿ ಓಡಾಟ ಗುರುತಿಸುವ ಒಂದು ಕಣ್ಣು, ಮಾಳಿಗೆಯ ಮೇಲೆ ದೊಡ್ಡ ಸೈರನ್ ಹಾಕಿ ಬಂದಿದ್ದೆ.

ಮೊದಲ ಸಲದ ಕೂಗಿಗೆ ಕಾರಣ ಸುಲಭವಾಗಿ ಸಿಕ್ಕಿತು. ಮುಂಬಾಗಿಲು ಬೇವಿನ ಮರದ್ದು. ಮಳೆಯ ತಂಪಿಗೆ ಉಬ್ಬಿ, ಚೌಕಟ್ಟಿನಲ್ಲಿ ಪೂರ್ತಿ ಕೂರದೆ ಒಂದು ಕಡೆ ಎದ್ದು ನಿಂತಿತ್ತು. ಬಾಗಿಲಿನ ಸೆನ್ಸರ್ ಎಂದರೆ ಎರಡು ತುಂಡು. ಒಂದು ಬಾಗಿಲಿಗೆ ಹಚ್ಚುವ ಸಣ್ಣ ಮ್ಯಾಗ್ನೆಟ್, ಇನ್ನೊಂದು ಚೌಕಟ್ಟಿಗೆ ಹಚ್ಚುವ ಸ್ವಿಚ್. ಮ್ಯಾಗ್ನೆಟ್ ಹತ್ತಿರವಿರುವ ತನಕ ಸ್ವಿಚ್ ಸುಮ್ಮನಿರುತ್ತದೆ, ದೂರ ಸರಿದರೆ ಬಾಗಿಲು ತೆರೆಯಿತೆಂದು ಪೆಟ್ಟಿಗೆಗೆ ತಿಳಿಸುತ್ತದೆ. ಉಬ್ಬಿದ ಬಾಗಿಲು ಗಾಳಿಗೆ ಅಲುಗಿದಾಗಲೆಲ್ಲ ನಡುವಿನ ಸಂದು ಮಿತಿ ಮೀರುತ್ತಿತ್ತು. ಮರದ ಚಕ್ಕೆಯೊಂದನ್ನು ಕೊಟ್ಟು ಹೊಸ ಜೋಡಿ ಕೂರಿಸಿದೆ. ನನ್ನ ಕೆಲಸ ನೋಡುತ್ತ ನಿಂತಿದ್ದ ಅಜ್ಜಿ, ಅದನ್ನು ಮುಟ್ಟಿದರೆ ಕರೆಂಟು ಹೊಡೆಯುವುದೇ ಎಂದು ಕೇಳಿದರು. ಇಲ್ಲ ಎಂದು ತೋರಿಸಲು, ತೆಗೆದಿಟ್ಟ ಹಳೆಯ ಮ್ಯಾಗ್ನೆಟ್ಟನ್ನು ಸ್ವಿಚ್ಚಿಗೆ ಒತ್ತಿ ಹಿಡಿದು ಬಾಗಿಲನ್ನು ಅಗಲವಾಗಿ ತೆರೆದೆ. ಸೈರನ್ ಕೂಗಲಿಲ್ಲ. ಅಜ್ಜಿ ತಲೆದೂಗಿ, ನಕ್ಕು, ಚಹಾ ಇಡಲು ಒಳಗೆ ಹೋದರು. ಹಳೆಯ ಜೋಡಿ ಕಿಟಕಿಯ ಕಟ್ಟೆಯ ಮೇಲೆ ಉಳಿಯಿತು.

ಎರಡನೆಯ ಸಲ ಇಬ್ಬರೂ ಹಾನಗಲ್ಲಿಗೆ ಹೋಗಿದ್ದಾಗ ಬೀಗ ಹಾಕಿದ ಮನೆಯೊಳಗಿಂದ ಕೂಗು ಎದ್ದಿತು. ನಾನು ಹೋಗಿ ಪಡಸಾಲೆಯ ಕಣ್ಣನ್ನು ಬಿಚ್ಚಿದರೆ ಒಳಗೆ ಇರುವೆಗಳು ಮೊಟ್ಟೆ ಇಟ್ಟಿದ್ದವು. ಗಾಜಿನ ಹಿಂದೆ ಅವು ಹರಿದಾಡಿದಾಗ ಪೆಟ್ಟಿಗೆಗೆ ಮನುಷ್ಯ ನಡೆದಂತೆ ಕಾಣುತ್ತದೆ. ತೊಳೆದು, ವೈರ್ ಬರುವ ತೂತಿಗೆ ಸಿಲಿಕಾನ್ ತುಂಬಿದೆ. ಆಮೇಲೊಮ್ಮೆ ಬ್ಯಾಟರಿ ಕೆಟ್ಟಿತು. ಓಣಿಯ ಹಿಂದಿನ ಹೊಲಗಳಲ್ಲಿ ಪಂಪ್‌ಸೆಟ್ಟುಗಳು ಶುರುವಾದ ಕೂಡಲೇ ವೋಲ್ಟೇಜ್ ಕುಸಿದು, ಸತ್ತ ಬ್ಯಾಟರಿ ಅದನ್ನು ತಡೆಯಲಾರದೆ, ಸೈರನ್ ಅರೆಬರೆ ಕಿರುಚಿ ನಿಲ್ಲುತ್ತಿತ್ತು.

ಇವೆಲ್ಲ ನಮ್ಮ ವೃತ್ತಿಯಲ್ಲಿ ಇದ್ದದ್ದೇ. ಆದರೆ ಓಣಿಯವರಿಗೆ ಇರುವೆ ಬೇರೆ, ಬ್ಯಾಟರಿ ಬೇರೆ ಎಂಬುದಿಲ್ಲ. ಅವರಿಗೆ ಅದು ಮತ್ತೆ ಕೂಗಿತು, ಮತ್ತೆ ಏನೂ ಇರಲಿಲ್ಲ, ಅಷ್ಟೇ. ಎದುರು ಮನೆಯಲ್ಲಿ ಗಾದಿ ಹೊಲಿಯುವ ಹಿರಿಯರೊಬ್ಬರಿದ್ದರು, ಓಣಿಗೆಲ್ಲ ಅವರು ಚಾಚಾ. ಪ್ರತಿ ಸಲವೂ ತಲೆ, ಗಡ್ಡಕ್ಕೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡೇ ಸೂಜಿ ಬಿಟ್ಟು ಓಡಿ ಬರುತ್ತಿದ್ದವರು ಅವರು. ಬರಬರುತ್ತ ಓಟ ನಡಿಗೆಯಾಯಿತು. ಆಮೇಲೆ ಅಂಗಳದಲ್ಲೇ ನಿಂತು ಏನ್ರೀ ಅಜ್ಜಿ ಎಂದು ಕೂಗಿ ಕೇಳುವುದಾಯಿತು. ಪಕ್ಕದ ಮನೆಯವರು ಮಗುವಿಗೆ ನಿದ್ದೆಯಿಲ್ಲವೆಂದು ಠಾಣೆಗೆ ಹೇಳಿದರು. ಠಾಣೆಯಿಂದ ಬಂದ ಪೇದೆ ಒಳ್ಳೆಯ ಮಾತಿನಲ್ಲೇ, ಸೈರನ್ನಿನ ವೈರ್ ತೆಗೆದು ಫೋನ್ ಕರೆಯಷ್ಟೇ ಇಡಿ ಎಂದು ನನಗೆ ಸಲಹೆ ಕೊಟ್ಟರು. ನರ್ಸಮ್ಮ ಒಪ್ಪಲಿಲ್ಲ. ಹೆರಿಗೆ ಕೋಣೆಯಲ್ಲಿ ಕೆಲಸದಲ್ಲಿರುವಾಗ ತನಗೆ ಫೋನ್ ಎತ್ತಲಾಗುವುದಿಲ್ಲ, ಅತ್ತೆ ಒಬ್ಬರೇ ಇರುತ್ತಾರೆ, ಸದ್ದೇ ಇಲ್ಲದ ಮೇಲೆ ಇದೆಲ್ಲ ಯಾಕೆ ಎಂದರು. ದೋಷ ಎಲ್ಲಿದೆಯೋ ಹುಡುಕಿ ತೆಗೆಯಿರಿ ಎಂದು ನನಗೆ ಹೇಳಿದರು.

ಆಗ ಶುರುವಾಯಿತು ಹಿತ್ತಲ ಬಾಗಿಲಿನದು.

ಹೊತ್ತು ಹೆಚ್ಚು ಕಡಿಮೆ ಒಂದೇ. ನರ್ಸಮ್ಮ ಬೆಳಗಿನ ಪಾಳಿಗೆ ಹೋಗಿರುವಾಗ, ಮಧ್ಯಾಹ್ನದ ಊಟದ ಸುಮಾರಿಗೆ. ಅಜ್ಜಿ ಒಳಗಿರುವಾಗಲೂ ಬಾಗಿಲುಗಳು ಮಾತ್ರ ಕಾವಲಿನಲ್ಲಿರುವಂತೆ ಪೆಟ್ಟಿಗೆಯನ್ನು ಹೊಂದಿಸಿದ್ದೆ. ಬಟ್ಟೆ ಒಣಗಿಸಲು, ಮುಸುರೆ ಚೆಲ್ಲಲು ಹಿತ್ತಲಿಗೆ ಹೋಗಬೇಕೆಂದರೆ ಅಜ್ಜಿ ಕೈಯಲ್ಲಿನ ಸಣ್ಣ ರಿಮೋಟ್ ಒತ್ತಿ ಕಾವಲು ತೆಗೆಯಬೇಕು. ಒತ್ತಿದರೆ ಸೊಸೆಯ ಮೊಬೈಲಿಗೆ ಒಂದು ಸಂದೇಶ ಹೋಗುತ್ತದೆ. ಇದು ನರ್ಸಮ್ಮನೇ ಕೇಳಿ ಮಾಡಿಸಿಕೊಂಡದ್ದು.

ಸ್ವಿಚ್ ಬದಲಾಯಿಸಿದೆ. ಮತ್ತೆ ಕೂಗಿತು. ಇಲಿ ಕಡಿದಿರಬಹುದೆಂದು ಅಡುಗೆಮನೆಯಿಂದ ಪೆಟ್ಟಿಗೆಯ ತನಕ ಹೊಸ ವೈರ್ ಎಳೆದು ಪೈಪಿನಲ್ಲಿ ಹಾಕಿದೆ. ಮತ್ತೆ ಕೂಗಿತು. ವೈರಿನ ಜೋಡಣೆಗಳಿಗೆ ಬೆಸುಗೆ ಹಾಕಿದೆ, ಬಾಗಿಲಿನ ತಿರುಗಣಿ ಬಿಗಿ ಮಾಡಿದೆ. ಬಂದಾಗಲೆಲ್ಲ ಬಾಗಿಲು ಎಳೆದು, ಗುದ್ದಿ, ಅಲುಗಿಸಿ ನೋಡುತ್ತಿದ್ದೆ, ನನ್ನ ಎದುರಿಗೆ ಅದು ಒಮ್ಮೆಯೂ ತಪ್ಪು ಮಾಡಲಿಲ್ಲ. ಪೆಟ್ಟಿಗೆಯಲ್ಲಿ ನೋಡಿದರೆ ಬಾಗಿಲು ತೆರೆದದ್ದು, ಅದೇ ಉಸಿರಿನಲ್ಲಿ ಮುಚ್ಚಿದ್ದು. ಕಡಿದ ವೈರ್ ಹಾಗೆ ಮಾಡುವುದಿಲ್ಲ. ಒಮ್ಮೆ ಕೆಟ್ಟರೆ ಅದು ಕೆಟ್ಟೇ ಇರುತ್ತದೆ, ಇಲ್ಲವೇ ಗಾಳಿ ಮಳೆಗೆ ತಕ್ಕಂತೆ ಆಡುತ್ತದೆ. ಊಟದ ಹೊತ್ತು ನೋಡಿಕೊಂಡು ಕೆಡುವುದಿಲ್ಲ. ಚೌಕಟ್ಟಿನ ಮೇಲೆ, ಸ್ವಿಚ್ಚಿನ ಪಕ್ಕದಲ್ಲೇ, ಅರಿಸಿನದ ಎಣ್ಣೆಗೈ ಒತ್ತಿದ ಗುರುತುಗಳಿದ್ದವು. ಅಡುಗೆಮನೆಯ ಬಾಗಿಲು, ಕೈ ಊರಿರುತ್ತಾರೆ ಎಂದು ಒರೆಸಿ ಬಿಟ್ಟೆ. ಮುಂದಿನ ಸಲ ಬಂದಾಗ ಗುರುತು ಅದೇ ಜಾಗದಲ್ಲಿ ಮತ್ತೆ ಮೂಡಿತ್ತು.

ಅಂದು ಶ್ರಾವಣದ ಬಿಸಿಲು. ಹೊರಗೋಡೆಗೆ ಹಾಕಿದ ಪೈಪಿನೊಳಗೆ ಮಳೆನೀರು ಇಳಿದಿರಬಹುದೇ ಎಂದು ನೋಡಲು ಮುಂಬಾಗಿಲಿಗೆ ಹೋಗದೆ ಹಿಂದಿನ ಸಂದಿಯಿಂದ ಬಂದೆ. ಹಿತ್ತಲ ಗೋಡೆ ಎದೆಮಟ್ಟದ್ದು. ಬಾಗಿಲು ತೆರೆದೇ ಇತ್ತು, ಸೈರನ್ ಸುಮ್ಮನಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬ ಮನುಷ್ಯ ತಾಟು ಹಿಡಿದು ಕುಳಿತು ರೊಟ್ಟಿ ತಿನ್ನುತ್ತಿದ್ದ. ಸಣಕಲ ಮೈ, ವಾರದ ಗಡ್ಡ. ಅವನನ್ನು ನಾನು ಎಂದೂ ಕಂಡಿರಲಿಲ್ಲ, ಆದರೂ ಯಾರೆಂದು ಕೇಳಬೇಕಾಗಲಿಲ್ಲ, ಮುಖವೆಲ್ಲ ಅಜ್ಜಿಯದೇ ಇತ್ತು. ಹೊಸ್ತಿಲ ಒಳಗಡೆ ಅಜ್ಜಿ ಕಾಲು ಚಾಚಿ ಕೂತಿದ್ದರು. ಅವರ ತಲೆಯ ಪಕ್ಕದಲ್ಲಿ ಚೌಕಟ್ಟಿನ ಸ್ವಿಚ್ಚಿಗೆ ನಾನು ಬಿಟ್ಟುಬಂದಿದ್ದ ಹಳೆಯ ಮ್ಯಾಗ್ನೆಟ್ಟನ್ನು ನೂಲಿನಿಂದ ಬಿಗಿದು ಕಟ್ಟಿದ್ದು ಕಾಣಿಸಿತು. ನೂಲು ಜಾರಿದ ದಿನಗಳಲ್ಲಷ್ಟೇ ಸೈರನ್ ಕೂಗುತ್ತಿತ್ತು.

ನನ್ನನ್ನು ಮೊದಲು ನೋಡಿದವನು ಅವನು. ಅವಸರಪಡಲಿಲ್ಲ. ತಾಟಿನಲ್ಲೇ ಕೈ ತೊಳೆದು, ಎದ್ದು, ಗೋಡೆ ಹಾರಿ ಜಾಲಿಗಿಡಗಳ ಆಚೆ ಹೊರಟುಹೋದ. ಅಜ್ಜಿ ತಾಟು ಎತ್ತಿಕೊಂಡು ನನ್ನನ್ನು ಒಳಗೆ ಕರೆದರು. ನಾನು ಹೊಸ್ತಿಲ ಹೊರಗೇ ನಿಂತೆ.

"ಒಳಗ ಬಿಟ್ಟಿಲ್ಲ ತಮ್ಮಾ. ಒಂದ ದಿನಾನೂ ಹೊಸ್ತಿಲ ದಾಟಿಸಿಲ್ಲ" ಎಂದರು. "ಸ್ಟೇಷನ್‌ದಾಗ ಅವನ ಮ್ಯಾಲ ಹೇಳಿದಾಕಿ ನಾನ. ನಾಳೆ ಕೋರ್ಟಿನ್ಯಾಗ ಕೇಳಿದ್ರೂ ಅದನ್ನ ಹೇಳ್ತೇನಿ. ಆದ್ರ ಅಂವ ಹಸಗೊಂಡು ಬಂದು ಬಾಗಲಾ ಬಡದ್ರ ನಾ ಏನ್ ಮಾಡ್ಲಿ?"

ಸೊಸೆಗೆ ಹೇಳಬೇಡ ಎಂದು ಅವರು ಕೇಳಿಕೊಂಡರು. ಈ ಬಾಗಿಲಿನ ಸೆನ್ಸರ್ ಕೆಟ್ಟಿದೆ, ರಿಪೇರಿ ಆಗುವಂಥದ್ದಲ್ಲ ಎಂದು ಹೇಳಿ ತೆಗೆದುಬಿಡು, ಓಣಿಗೂ ನೆಮ್ಮದಿ, ನಿನಗೂ ಓಡಾಟ ತಪ್ಪುತ್ತದೆ ಎಂದರು. ಇದು ಅವರು ಆ ಗಳಿಗೆಗೆ ಯೋಚಿಸಿದ್ದಲ್ಲ, ಬಹಳ ದಿನದಿಂದ ನನಗೆ ಹೇಳಬೇಕೆಂದು ಇಟ್ಟುಕೊಂಡ ಮಾತಿನಂತಿತ್ತು. ಆಗಲಿ ನೋಡೋಣ ಎಂದಷ್ಟೇ ಹೇಳಿ ಗಾಡಿ ಹತ್ತಿದೆ.

ಶಿಗ್ಗಾವಿಯ ದಾರಿ ಹಿಡಿದವನು ಊರು ದಾಟುವ ಮೊದಲೇ ಗಾಡಿ ನಿಲ್ಲಿಸಿದೆ. ಒಂದು ಮನೆಗೆ ಅಲಾರಂ ಹಾಕಿದವನಿಗೆ ಆ ಮನೆಯವರು ಏನು ತಿನ್ನುತ್ತಾರೆ, ಯಾರಿಗೆ ಬಡಿಸುತ್ತಾರೆ ಎಂಬುದು ಬೇಕಿಲ್ಲ. ಆದರೆ ದೋಷ ಹುಡುಕಿರೆಂದು ನರ್ಸಮ್ಮ ನನಗೆ ಹೇಳಿದ್ದರು, ಈಗ ಅದು ಸಿಕ್ಕಿತ್ತು. ಸಿಕ್ಕಿಲ್ಲವೆಂದು ಅವರ ಮುಖ ನೋಡಿ ಹೇಳುವುದು ನನ್ನಿಂದ ಆಗದ ಕೆಲಸ. ಹೇಳಿದರೆ ಅಜ್ಜಿಯ ಗತಿಯೇನು ಎಂಬುದೂ ತಿಳಿಯಲಿಲ್ಲ. ಮನೆ ಅಜ್ಜಿಯದು, ದುಡಿಮೆ ಸೊಸೆಯದು, ಇಬ್ಬರಿಗೂ ಇನ್ನೊಬ್ಬರಿಲ್ಲದೆ ನಡೆಯದು. ಬಹಳ ಹೊತ್ತು ರಸ್ತೆಯ ಬದಿಗೆ ನಿಂತಿದ್ದು, ಕೊನೆಗೆ ಗಾಡಿ ತಿರುಗಿಸಿ ಆಸ್ಪತ್ರೆಗೆ ಹೋದೆ.

ನರ್ಸಮ್ಮ ಪಾಳಿ ಮುಗಿಸಿ ಹೊರಬರುತ್ತಿದ್ದರು. ಅಂಗಳದ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತು, ನೋಡಿದ್ದನ್ನು ಬಿಡದೆ ಹೇಳಿದೆ. ನೂಲು, ಮ್ಯಾಗ್ನೆಟ್, ಒಗೆಯುವ ಕಲ್ಲು, ತಾಟು. ಅವರು ಸಿಟ್ಟಾಗಬಹುದು, ಅಳಬಹುದು ಎಂದುಕೊಂಡಿದ್ದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಆ ಮ್ಯಾಗ್ನೆಟ್ ಕಟ್ಟಿದ್ದು ಅಂವ ನೋಡ್ಯಾನೇನ್ರಿ ಅಣ್ಣಾರ?"

ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಅವನು ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಒಂದು ದಿನವಲ್ಲ, ಎಷ್ಟೋ ದಿನ. ತಾಯಿ ನೂಲಿನಿಂದ ಕಟ್ಟಿದ ಮ್ಯಾಗ್ನೆಟ್ಟನ್ನೂ ಅದಿದ್ದಾಗ ಸೈರನ್ ಸುಮ್ಮನಿರುವುದನ್ನೂ ಅಲ್ಲೇ ಕೂತು ನೋಡಿದ್ದಾನೆ. ಮನೆಯ ಚೌಕಟ್ಟಿನ ಮರ ಬಹಳ ದಪ್ಪವಿರಲಿಲ್ಲ. ದೊಡ್ಡ ಮ್ಯಾಗ್ನೆಟ್ಟೊಂದಿದ್ದರೆ ಹೊರಗಿನಿಂದಲೇ, ಮರದ ಮೂಲಕವೇ ಸ್ವಿಚ್ಚನ್ನು ಸುಮ್ಮನಿರಿಸಬಹುದು. ಒಳಗಿನ ಅಗುಳಿ ಹೇಗಿದೆ, ಸಂದಿನಲ್ಲಿ ಕಡ್ಡಿ ತೂರಿಸಿ ಅದನ್ನು ಹೇಗೆ ಎತ್ತಬೇಕು ಎಂಬುದು ಆ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಗೊತ್ತಿರದೆ ಇರುವುದಿಲ್ಲ. ನಾನು ಅದನ್ನೇ ಹೇಳಿದೆ. ಅವರು ಎದ್ದರು. ಇವತ್ತೇ ಏನಾದರೂ ಮಾಡಲು ಆಗುತ್ತದೆಯೇ ಎಂದು ಕೇಳಿದರು.

ಮ್ಯಾಗ್ನೆಟ್ಟಿಗೆ ಮೋಸಹೋಗದ ಸೆನ್ಸರ್ ಬೇರೆಯೇ ಸಿಗುತ್ತದೆ, ಅದನ್ನು ಹುಬ್ಬಳ್ಳಿಯಿಂದ ತರಿಸಬೇಕು. ಅಲ್ಲಿಯ ತನಕ ಇದ್ದದ್ದರಲ್ಲೇ ಮಾಡಿದೆ. ಹಿತ್ತಲ ಬಾಗಿಲಿನ ಸ್ವಿಚ್ಚನ್ನು ಹಳೆಯ ಜಾಗದಿಂದ ಕಿತ್ತು, ಚೌಕಟ್ಟಿನ ಮೇಲಡ್ಡದ ಮೂಲೆಯಲ್ಲಿ ಮರ ಕೊರೆದು ಒಳಗೆ ಹುದುಗಿಸಿ, ಮೇಲೆ ಅದೇ ಬಣ್ಣದ ಮೇಣ ಬಳಿದೆ. ಹಳೆಯ ಸ್ವಿಚ್ಚಿನ ಖಾಲಿ ಡಬ್ಬಿಯನ್ನು ಮೊದಲಿದ್ದಲ್ಲೇ ಉಳಿಸಿದೆ. ನಾನು ಕೊರೆಯುವಾಗ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲೇ ಇದ್ದರು. ನರ್ಸಮ್ಮ ಜೋಳದ ಹಿಟ್ಟು ನಾದುತ್ತಿದ್ದರು, ಮುರಿದು ಕೂಡಿದ ಕೈ ಇನ್ನೂ ಪೂರ್ತಿ ಬಗ್ಗುತ್ತಿರಲಿಲ್ಲ. ಕೈ ತೊಳೆದುಕೊಂಡು ಬಂದು ಅತ್ತೆಯ ಎದುರು ಕೂತರು.

"ಅತ್ತಿ, ಅವನ್ನ ನೋಡಬೇಕು ಅನಸಿದ್ರ ನನಗ ಹೇಳ್ರಿ. ಬುತ್ತಿ ಕಟ್ಟಿ ನಾನ ನಿಮ್ಮನ್ನ ಬಸ್ ಹತ್ತಸ್ತೇನಿ. ಅಂವ ಎಲ್ಲಿರ್ತಾನೋ ಅಲ್ಲಿಗೆ ಹೋಗಿ ಉಣಿಸಿ ಬರ್ರಿ. ಈ ಬಾಗಲಾ ಮಾತ್ರ ತಗೀಬ್ಯಾಡ್ರಿ."

ಅಜ್ಜಿ ಸೆರಗಿನ ಗಂಟು ಬಿಚ್ಚಿ ಮ್ಯಾಗ್ನೆಟ್ಟನ್ನು ನೆಲದ ಮೇಲಿಟ್ಟರು. ನಾನು ಅದನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಆಮೇಲಿನ ದಿನಗಳಲ್ಲಿ ಸೈರನ್ ಕೂಗಲಿಲ್ಲ. ಅವನು ಬಂದು ಬಾಗಿಲು ತಟ್ಟುತ್ತಿದ್ದನಂತೆ. ಅಜ್ಜಿ ಒಲೆಯ ಮುಂದೆ ಕೂತು, ಹೋಗು ಎಂದು ಒಳಗಿನಿಂದಲೇ ಹೇಳುತ್ತಿದ್ದರಂತೆ. ಹೇಳಿದ್ದನ್ನು ಸಂಜೆ ಸೊಸೆಗೆ ತಿಳಿಸುತ್ತಿದ್ದರು. ನರ್ಸಮ್ಮ ಅದನ್ನು ಠಾಣೆಗೆ ತಿಳಿಸಿದರು. ಪೇದೆಯೊಬ್ಬರು ಓಣಿಯಲ್ಲಿ ಒಂದೆರಡು ಸುತ್ತು ಹಾಕಿಹೋದರು. ಅವನು ಎಲ್ಲಿ ಮಲಗುತ್ತಾನೆಂಬುದೇ ಯಾರಿಗೂ ಗೊತ್ತಿರಲಿಲ್ಲ, ಬುತ್ತಿ ಕಟ್ಟುವ ಮಾತು ಅಲ್ಲಿಗೇ ನಿಂತಿತು. ಹುಬ್ಬಳ್ಳಿಯ ಸಾಮಾನು ಇವತ್ತು ನಾಳೆ ಎಂದು ತಡವಾಗುತ್ತಿತ್ತು.

ನಾನು ಹಂಸಭಾವಿಯಲ್ಲಿ ಗೊಬ್ಬರದ ಅಂಗಡಿಯೊಂದಕ್ಕೆ ಕ್ಯಾಮೆರಾ ಹಾಕುತ್ತ ಏಣಿಯ ಮೇಲಿದ್ದೆ. ಮೊಬೈಲ್ ಎತ್ತಿದರೆ ನನ್ನ ದನಿ: "ಹಿತ್ತಲ ಬಾಗಿಲು ತೆರೆದಿದೆ." ಆ ವಾರ ನರ್ಸಮ್ಮನಿಗೆ ರಾತ್ರಿ ಪಾಳಿ, ಹಗಲು ಮನೆಯಲ್ಲಿ ಮಲಗಿರುತ್ತಾರೆ ಎಂಬುದು ನನಗೆ ನೆನಪಾಯಿತು.

ಈ ಕರೆಯಲ್ಲಿ ಒಂದು ಅನುಕೂಲವಿದೆ. ಒಂದು ಅಂಕಿ ಒತ್ತಿದರೆ ಪೆಟ್ಟಿಗೆಯ ಮೈಕ್ ತೆರೆದುಕೊಂಡು ಮನೆಯೊಳಗಿನ ಸದ್ದು ಕೇಳಿಸುತ್ತದೆ. ಸುಳ್ಳು ಕರೆಯೋ ನಿಜವೋ ಎಂದು ತಿಳಿಯಲು ನಾನು ಪ್ರತಿ ಸಲವೂ ಹಾಗೆಯೇ ಮಾಡುತ್ತಿದ್ದೆ. ಕುಕ್ಕರಿನ ಸೀಟಿ, ಅಜ್ಜಿಯ ಗೊಣಗು ಕೇಳಿಸಿದರೆ ಇಟ್ಟುಬಿಡುತ್ತಿದ್ದೆ. ಆದರೆ ಆ ಅಂಕಿ ಒತ್ತಿದ ಕೂಡಲೇ ಮಾಳಿಗೆಯ ಸೈರನ್ ನಿಂತುಹೋಗುತ್ತದೆ. ಬೆರಳು ಅಂಕಿಯ ಮೇಲೆಯೇ ಇತ್ತು. ಒಳಗೆ ಏನಾಗುತ್ತಿದೆಯೋ ಕೇಳಬೇಕೆಂಬ ಆಸೆ ಎಷ್ಟಿತ್ತೆಂದು ಹೇಳಲಾರೆ. ನಾನಿದ್ದದ್ದು ದೂರದ ಹಿರೇಕೆರೂರು ತಾಲ್ಲೂಕಿನಲ್ಲಿ, ಕೇಳಿಸಿಕೊಂಡು ಮಾಡುವುದಾದರೂ ಏನು? ಅಲ್ಲಿ ಬೇಕಾದದ್ದು ನನ್ನ ಕಿವಿಯಲ್ಲ, ಸೈರನ್ನಿನ ಸದ್ದು. ಒತ್ತದೆ ಕರೆ ಕತ್ತರಿಸಿ ಚಾಚಾಗೆ ಹಚ್ಚಿದೆ.

ಅವರು ಎತ್ತಲು ತಡಮಾಡಿದರು. ಅವರ ಫೋನಿನಲ್ಲೇ ಹಿಂದಿನಿಂದ ಸೈರನ್ ಕೇಳಿಸುತ್ತಿತ್ತು.

"ಮತ್ತ ಅದ ಹಳೇ ಕಥಿ ಅಲ್ಲೇನ್ರಿ ಭಾಯಿ" ಎಂದರು.

"ಗೊತ್ತಿಲ್ರಿ ಚಾಚಾ. ಗೊತ್ತಿಲ್ಲ ಅಂತನ ಫೋನ್ ಮಾಡೇನಿ. ಹಿತ್ತಲಿಂದ ಹೋಗ್ರಿ, ಒಬ್ರ ಹೋಗಬ್ಯಾಡ್ರಿ."

ಫೋನ್ ಇಡದೆಯೇ ಅವರು ಯಾರನ್ನೋ ಕೂಗಿದ್ದು, ಕಾಲಿನ ಸದ್ದು ಕೇಳಿಸಿತು. ಆಮೇಲೆ ಕರೆ ಕಡಿಯಿತು. ನಾನು ಏಣಿ ಇಳಿದು, ಸಾಮಾನನ್ನು ಅಂಗಡಿಯವರ ಸುಪರ್ದಿಗೆ ಬಿಟ್ಟು ಹೊರಟೆ. ಸವಣೂರಿನ ದಾರಿ ಅಂದು ಮುಗಿಯುವಂತೆಯೇ ಕಾಣಲಿಲ್ಲ. ದಾರಿಯಲ್ಲಿ ಮತ್ತೆ ಮತ್ತೆ ಫೋನ್ ಮಾಡಿದರೆ ನರ್ಸಮ್ಮನೂ ಚಾಚಾನೂ ಎತ್ತಲಿಲ್ಲ.

ನಡೆದದ್ದನ್ನು ಆಮೇಲೆ ಚಾಚಾ ಮತ್ತು ನರ್ಸಮ್ಮ ಹೇಳಿದರು. ಅವನು ಕುಡಿದಿದ್ದ. ಆದರೆ ಕುಡಿದ ಅಮಲಿನಲ್ಲಿ ಬಂದು ಬಾಗಿಲು ಒದ್ದವನಲ್ಲ. ಸದ್ದಿಲ್ಲದೆ ಬಂದು, ಹಳೆಯ ಸ್ಪೀಕರ್ ಒಡೆದು ತೆಗೆದ ಬಳೆಯಂಥ ದೊಡ್ಡ ಮ್ಯಾಗ್ನೆಟ್ಟನ್ನು ಚೌಕಟ್ಟಿನ ಹೊರಮೈಗೆ, ಒಳಗೆ ಖಾಲಿ ಡಬ್ಬಿ ಇದ್ದ ಎತ್ತರಕ್ಕೆ ಸರಿಯಾಗಿ, ಟೇಪ್ ಸುತ್ತಿ ಅಂಟಿಸಿದ್ದ. ಕಡ್ಡಿಯಿಂದ ಅಗುಳಿ ಎತ್ತಿ ಬಾಗಿಲು ತಳ್ಳಿದ. ಸೈರನ್ ಕೂಗಿತು. ಅಜ್ಜಿ ಪಡಸಾಲೆಯಿಂದ ಓಡಿ ಬಂದು, ಸೊಸೆ ಮಲಗಿದ್ದ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. ಸದ್ದಿಗೆ ಎಚ್ಚರವಾದ ನರ್ಸಮ್ಮ ಹೊರಬರುವಷ್ಟರಲ್ಲಿ, ಚಿಲಕ ಹಾಕಿಕೋ ಎಂದು ಅತ್ತೆ ಕೂಗಿದರಂತೆ. ಅವರು ಹಾಕಿಕೊಂಡರು. ಆ ಚಿಲಕ ಹಾಕಿದ್ದನ್ನು ಹೇಳುವಾಗಲೆಲ್ಲ ನರ್ಸಮ್ಮನ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಅವನು ತಾಯಿಯನ್ನು ಹಿಡಿದು ಆಚೆ ನೂಕಿದ. ಅಜ್ಜಿಯ ತಲೆ ಒರಳುಕಲ್ಲಿನ ಅಂಚಿಗೆ ಬಡಿಯಿತು. ಚಾಚಾ ಇಬ್ಬರನ್ನು ಕರೆದುಕೊಂಡು ಹಿತ್ತಲ ಗೋಡೆ ಹಾರಿ ಒಳಗೆ ಬಂದಾಗ ಅವನು ಕೋಣೆಯ ಬಾಗಿಲನ್ನು ಒದೆಯುತ್ತಿದ್ದ, ಕೈಯಲ್ಲಿ ಕುಡುಗೋಲು ಇತ್ತು. ಅವನನ್ನು ಕೆಡವಿದರು. ಆಮೇಲೆ ಬಂದ ಓಣಿಯ ಜನ ಸುಮ್ಮನೆ ಬಿಡಲಿಲ್ಲ. ಬಿದ್ದಲ್ಲಿಂದಲೇ ಅಜ್ಜಿ, ಅವನನ್ನು ಬಡಿಯಬೇಡಿರಿ ಎಂದು ಅಂದರಂತೆ. ಸೈರನ್ನಿನ ಸದ್ದಿನಲ್ಲಿ ಅದು ಚಾಚಾಗಷ್ಟೇ ಕೇಳಿಸಿತು.

ನಾನು ಆಸ್ಪತ್ರೆ ತಲುಪಿದಾಗ ಅಜ್ಜಿಯನ್ನು ಹುಬ್ಬಳ್ಳಿಗೆ ಕಳಿಸಲು ಆಂಬುಲೆನ್ಸ್ ನಿಂತಿತ್ತು. ನರ್ಸಮ್ಮ ಸ್ಟ್ರೆಚರ್ ಪಕ್ಕ ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದುಕೊಂಡು ನಡೆಯುತ್ತಿದ್ದರು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನನ್ನು ನೋಡಿದರೂ ಗುರುತು ಹಿಡಿದಂತೆ ಕಾಣಲಿಲ್ಲ. ಆಂಬುಲೆನ್ಸ್ ಹೋದ ಮೇಲೆ ಚಾಚಾ ಕಟ್ಟೆಯ ಮೇಲೆ ಕೂತು, ಗಡ್ಡದಲ್ಲಿದ್ದ ಹತ್ತಿಯನ್ನು ಒಂದೊಂದೇ ಎಳೆ ಕೀಳುತ್ತಿದ್ದರು.

"ಇವತ್ತ ಕೂಗಿದ ಕೂಡ್ಲೇ ಕೇಳಿತ್ರಿ" ಎಂದರು. "ಈ ಸಾಲಿನ ಹೊಲಿಗಿ ಮುಗಿಸೋಣ ಅಂತ ಕುಂತೆ. ನೀವು ಫೋನ್ ಮಾಡೋತನಕ ಹೊಲೀತಾನ ಇದ್ದೆ."

ಅವರನ್ನು ಅಷ್ಟು ಸಲ ಸುಮ್ಮನೆ ಎಬ್ಬಿಸಿದ ಪೆಟ್ಟಿಗೆ ನಾನು ಕೂಡಿಸಿದ್ದು.

ಅಜ್ಜಿ ಹುಬ್ಬಳ್ಳಿಯಲ್ಲಿ ಕೆಲವು ದಿನ ಇದ್ದರು, ಎಚ್ಚರ ಮರಳಲಿಲ್ಲ. ಹೆಣವನ್ನು ಮನೆಗೆ ತಂದ ದಿನ ನಾನೂ ಹೋಗಿದ್ದೆ. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂ ಹಾಕಿದ್ದರು. ಕುಣಿ ತೋಡಿ ಆಗಿತ್ತು, ಬಿಸಿಲು ಏರುತ್ತಿತ್ತು. ಅಜ್ಜಿಯ ತವರಿನವರು ಅಬಲೂರಿನ ಕಡೆಯಿಂದ ಬಂದು, ಇನ್ನು ಎತ್ತೋಣ ಎನ್ನುತ್ತಿದ್ದರು. ನರ್ಸಮ್ಮ ಬೇಡ ಎಂದರು. ಹಿಂದಿನ ದಿನವೇ ಅವರು ವಕೀಲರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿದ್ದರು. ತಾಯಿಯ ಮಣ್ಣಿಗೆ ಜೈಲಿನಲ್ಲಿದ್ದ ಮಗನನ್ನು ಪೊಲೀಸರ ಕಾವಲಿನಲ್ಲಿ ಕರೆತರಬೇಕೆಂದು ಕೇಳಿದವರು ಅವರೇ ಎಂದು ತಿಳಿದಾಗ ಒಳಗೆ ಹೊರಗೆ ಗದ್ದಲವಾಯಿತು. ಕೊಂದವನ ಕೈಯ ಮಣ್ಣು ಆಕೆಗೆ ಬೇಡ ಎಂದು ಅವನ ಸೋದರಮಾವನೊಬ್ಬ ಎದ್ದು ನಿಂತ. ನರ್ಸಮ್ಮನ ಅಣ್ಣನೂ ತಂಗಿಯ ಮೇಲೆ ರೇಗಿದರು.

ನರ್ಸಮ್ಮ ಅತ್ತೆಯ ಪಕ್ಕದಿಂದ ಏಳಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಅಕಿ ನನ್ನ ಸಲುವಾಗಿ ಸತ್ತಾಳ. ಅಕಿಗೆ ಏನ ಬೇಕು ಅಂತ ನನಗ ಗೊತ್ತೈತಿ. ಅಂವ ಬರಲಿ, ಆಮ್ಯಾಲ ಎತ್ರಿ."

ಎಲ್ಲರೂ ಕಾದೆವು. ಕೆಲವರು ಎದ್ದುಹೋದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೊಲೀಸ್ ವಾಹನ ಓಣಿಯ ಬಾಯಿಗೆ ಬಂದು ನಿಂತಿತು. ಅವನ ಒಂದು ಕಣ್ಣು ಇನ್ನೂ ಬಾತಿತ್ತು. ಅವನು ಒಳಗೆ ಬಂದಾಗ ನರ್ಸಮ್ಮ ಎದ್ದು ಜಾಗ ಬಿಟ್ಟರು. ಅವನ ಕಡೆ ನೋಡಲಿಲ್ಲ. ಅವನು ತಾಯಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಏನು ಮಾಡಬೇಕೆಂದು ತಿಳಿಯದವನಂತೆ ಸುತ್ತಲೂ ನೋಡಿದ. ಹೊಲದಲ್ಲಿ ಅವನು ಮಣ್ಣು ಹಾಕಿದ್ದನ್ನು ನೋಡಿದೆ. ಅಲ್ಲಿಂದಲೇ ಅವನನ್ನು ಕರೆದೊಯ್ದರು.

ಅಜ್ಜಿಯ ಶಿವಗಣಾರಾಧನೆ ಮುಗಿದ ಮೇಲೆ ಒಂದು ಬೆಳಿಗ್ಗೆ ನರ್ಸಮ್ಮನ ಫೋನ್ ಬಂತು. ಮನೆ ಬಿಡುವ, ಪೆಟ್ಟಿಗೆಯನ್ನು ಬಿಚ್ಚಿಸುವ ಮಾತಿರಬಹುದು ಎಂದುಕೊಂಡೆ. ಅದಲ್ಲ. ಇವತ್ತಲ್ಲ ನಾಳೆ ಅವನು ಜಾಮೀನಿಗೆ ಅರ್ಜಿ ಹಾಕುತ್ತಾನೆಂದು ವಕೀಲರು ಹೇಳಿದ್ದಾರೆ, ಹೊಸ ಸೆನ್ಸರ್ ಬಂದಿದ್ದರೆ ಹಾಕಿಕೊಟ್ಟು, ಎಲ್ಲವನ್ನೂ ಒಮ್ಮೆ ಪರೀಕ್ಷೆ ಮಾಡಿ ಹೋಗಿರಿ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಸಲೈನ್ ಮುಗಿಯುತ್ತ ಬಂದಿದೆ, ಬದಲಾಯಿಸಬೇಕು ಎನ್ನುವಾಗಿನ ದನಿ.

ಹೋಗಿ ಎರಡೂ ಬಾಗಿಲಿಗೆ ಹೊಸದನ್ನು ಕೂರಿಸಿದೆ. ಅಗುಳಿಯನ್ನು ತೆಗೆಸಿ ಉಕ್ಕಿನ ಪಟ್ಟಿ ಹಾಕಿಸಿದ್ದರು. ಒರಳುಕಲ್ಲು ಇದ್ದ ಜಾಗದಲ್ಲಿ ಹೊಸ ಸಿಮೆಂಟಿನ ತೇಪೆ ಇತ್ತು. ಪೆಟ್ಟಿಗೆಗೆ ಹಿತ್ತಲ ಬಾಗಿಲಿನ ವಾಕ್ಯವನ್ನು ಮತ್ತೆ ಓದಿ ತುಂಬಿಸಬೇಕಾಯಿತು. ಈ ಸಲ ಅದು ನನ್ನಿಂದ ಆಗಲಿಲ್ಲ. ನರ್ಸಮ್ಮ ನನ್ನ ಕೈಯಿಂದ ಮೈಕ್ ತೆಗೆದುಕೊಂಡು ತಾವೇ ಓದಿದರು.

ಸೈರನ್ ಪರೀಕ್ಷೆ ಮಾಡುವ ಮೊದಲು ನಾನು ಓಣಿಯ ಮನೆಮನೆಗೂ ಹೋಗಿ ತಿಳಿಸಿದೆ. ಇದು ನಿಜವಲ್ಲ, ಸ್ವಲ್ಪ ಹೊತ್ತು ಕೂಗಿ ನಿಲ್ಲುತ್ತದೆ, ಯಾರೂ ಗಾಬರಿಯಾಗಬೇಡಿರಿ ಎಂದು. ಚಾಚಾಗೂ ಹೇಳಿದೆ, ಅವರು ತಲೆಯಾಡಿಸಿದರು. ಬಂದು ಹಿತ್ತಲ ಬಾಗಿಲು ತೆರೆದೆ. ಮಾಳಿಗೆಯ ಮೇಲೆ ಕೂಗು ಎದ್ದಿತು. ನರ್ಸಮ್ಮ ಪಡಸಾಲೆಯ ನಡುವೆ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ನಾನು ನಿಲ್ಲಿಸಲು ಪೆಟ್ಟಿಗೆಯ ಕಡೆ ತಿರುಗುವಷ್ಟರಲ್ಲಿ ಗೋಡೆಯ ಆಚೆ ಧಪಧಪ ಕಾಲಿನ ಸದ್ದು. ಚಾಚಾ ಹಿತ್ತಲ ಗೋಡೆಯನ್ನು ಹತ್ತಿ ಇಳಿದು, ಏದುಸಿರು ಬಿಡುತ್ತ, ಗಾದಿಯ ದೊಡ್ಡ ಸೂಜಿಯನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲಲ್ಲಿ ನಿಂತರು.

ಪರೀಕ್ಷೆ ಎಂದು ಹೇಳಿದ್ದೆನಲ್ಲ ಎಂದು ಕೇಳಿದೆ.

"ಹೇಳಿದ್ರಿ" ಎಂದರು. "ಆದ್ರೂ ಬಂದೇನಿ."

ನರ್ಸಮ್ಮ ಒಳಗೆ ಹೋಗಿ ಅವರಿಗೊಂದು ಲೋಟ ನೀರು ತಂದುಕೊಟ್ಟರು. ಅವರು ಹೊಸ್ತಿಲ ಹೊರಗೇ ನಿಂತು ಪೂರ್ತಿ ಕುಡಿದು, ಲೋಟ ಕೊಟ್ಟು, ಬಂದ ದಾರಿಯಲ್ಲೇ ಹೊಲಿಗೆಗೆ ಹೋದರು.